ಹೊಗೆ, ಎಣ್ಣೆ, ಸೊಸೆಯ ಎಂಜಲು

ಮೊದಲೇ ಹೇಳಿಬಿಡುತ್ತೇನೆ, ನಾನು ಅತ್ತೆಯ ಚಿತ್ರದ ಮೇಲೆ ಉಗುಳಿಲ್ಲ. ನೆಂಟರಲ್ಲಿ ಹಾಗೊಂದು ಸುದ್ದಿ ಓಡಾಡುತ್ತಿದೆ. ಅದನ್ನು ಓಡಾಡಿಸುತ್ತಿರುವವರು ನನ್ನ ಗಂಡ ಎನ್ನುವುದೂ ನನಗೆ ಗೊತ್ತಿದೆ. ಉಗುಳುವುದೇ ಬೇರೆ, ನಾನು ಮಾಡಿದ್ದೇ ಬೇರೆ. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಯ ಮೇಲೆ ಒಂದು ಸಲ ಹೊರಳಿಸಿ, ಆ ಒದ್ದೆ ಹತ್ತಿಯನ್ನು ಚಿತ್ರದ ಮೇಲೆ ಮೆಲ್ಲಗೆ ಉರುಳಿಸಿದೆ. ಅಷ್ಟೇ. ಅದು ನನ್ನ ಕಸುಬು.

ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕುಳಿತು ಹಳೆಯ ಚಿತ್ರಗಳ ಕೊಳೆ ತೆಗೆಯುವುದು ನನ್ನ ಕೆಲಸ. ಹದಿಮೂರು ವರ್ಷವಾಯಿತು. ಈ ಕೆಲಸಕ್ಕೆ ಬಾಟಲಿಗಟ್ಟಲೆ ಔಷಧಿಗಳಿವೆ, ಆದರೆ ನಮ್ಮ ಕಸುಬಿನವರು ಮೊದಲು ನೆಚ್ಚುವುದು ಎಂಜಲನ್ನೇ. ಅದು ಬೆಚ್ಚಗಿರುತ್ತದೆ, ಬಣ್ಣಕ್ಕೆ ಕೈ ಹಾಕದೆ ಕೊಳೆಯನ್ನು ಮಾತ್ರ ಬಿಡಿಸುತ್ತದೆ, ಮನೆಯಲ್ಲಿ ಮರೆತು ಬಂದೆ ಎನ್ನುವ ಹಾಗೂ ಇಲ್ಲ. ಮೊದಲ ಮಹಡಿಯಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡುವ ಆ ದಪ್ಪ ಮೀಸೆಯ ಸೇನಾಪತಿಯ ಕೆನ್ನೆ ಅಷ್ಟು ಹೊಳೆಯುವುದು ನನ್ನ ಎಂಜಲಿನಿಂದ. ಪಕ್ಕದ ಚೀಟಿಯಲ್ಲಿ ಮಾತ್ರ ಇದನ್ನು ಯಾರೂ ಬರೆದಿಲ್ಲ.

ಇನ್ನು ಅತ್ತೆ. ಅವರಿಗೆ ಎಪ್ಪತ್ತೊಂದು. ಮೂವತ್ತೊಂದು ವರ್ಷ ಶುಭಾಶಯ ಕಾರ್ಡುಗಳ ಪ್ರೆಸ್ಸಿನಲ್ಲಿ ಚಿತ್ರ ಬರೆದವರು. ಬರೆದದ್ದು ಒಂದೇ ವಸ್ತು, ಚಿಟ್ಟೆ. ಹುಟ್ಟುಹಬ್ಬಕ್ಕೆ ಹಳದಿ ಚಿಟ್ಟೆ, ಮದುವೆಗೆ ಜೋಡಿ ಚಿಟ್ಟೆ, ಕಾಯಿಲೆಯವರಿಗೆ ನೀಲಿ ಚಿಟ್ಟೆ, ಸತ್ತವರ ಮನೆಗೆ ಕಳಿಸುವ ಕಾರ್ಡಿಗೂ ಮೂಲೆಯಲ್ಲೊಂದು ಬಿಳಿ ಚಿಟ್ಟೆ. “ಚಿಟ್ಟೆ ಅಂದ್ರೆ ಬದಲಾವಣೆ, ಚಿಟ್ಟೆ ಅಂದ್ರೆ ಆಸೆ, ಚಿಟ್ಟೆ ಅಂದ್ರೆ ಆತ್ಮ” ಎಂದು ಅಲ್ಲಿನ ಮ್ಯಾನೇಜರ್ ದಿನಕ್ಕೊಂದು ಅರ್ಥ ಹೇಳುತ್ತಿದ್ದರಂತೆ. “ಅದು ಹೂವಿನ ಮೇಲೆ ಕೂತು ಹೊಟ್ಟೆ ತುಂಬಿಸಿಕೊಳ್ತಿರೋ ಹುಳ. ಅದಕ್ಕೇನು ನಿಮ್ಮ ಮದುವೆ ಗೊತ್ತಾ, ಸಾವು ಗೊತ್ತಾ?” ಎಂದು ಅತ್ತೆ ಇವತ್ತಿಗೂ ಸಿಡುಕುತ್ತಾರೆ. ಪ್ರೆಸ್ಸಿನಲ್ಲಿ ಅವರ ಹೆಸರನ್ನೇ ಎಲ್ಲರೂ ಮರೆತು ‘ಚಿಟ್ಟೆಯಮ್ಮ’ ಎಂದು ಕರೆಯುತ್ತಿದ್ದರಂತೆ.

ನಿವೃತ್ತಿಯಾದ ಮಾರನೆಯ ದಿನವೇ ಅತ್ತೆ ಕ್ಯಾನ್ವಾಸು ತಂದು ಅಮೂರ್ತ ಚಿತ್ರ ಬರೆಯತೊಡಗಿದರು. ಬರೀ ಬಣ್ಣ, ಬರೀ ಗೆರೆ, ರೆಕ್ಕೆಯಂಥದ್ದು ಎಳ್ಳಷ್ಟೂ ಇಲ್ಲ. ಅವರಿಗಿದ್ದ ಆಸೆ ಒಂದೇ, ಅದನ್ನು ಮನೆಯಲ್ಲಿ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ, ನಾಲ್ಕು ಜನ ಬರುವ ಜಾಗದಲ್ಲಿ, ಯಾರಾದರೂ ಅವರ ಚಿತ್ರದ ಮುಂದೆ ನಿಂತು ‘ಚಿಟ್ಟೆ’ ಎನ್ನದೆ ಬೇರೇನಾದರೂ ಹೇಳಬೇಕು.

ಆ ಅವಕಾಶ ಬಂತು, ಅದನ್ನು ನಾನು ಹಾಳು ಮಾಡಿದೆ. ಹೇಗೆಂದು ಹೇಳುತ್ತೇನೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ಏಳು ವರ್ಷ. ಅಂದಿನಿಂದಲೂ ಅಡುಗೆಮನೆಯ ಮೂರು ಕಾನೂನುಗಳು ನನಗೆ ಅರ್ಥವಾಗಿರಲಿಲ್ಲ. ಕಾನೂನು ಒಂದು, ಕರಿಯುವುದೇನಿದ್ದರೂ ಎಡ ಒಲೆಯಲ್ಲಿ. ಬಲ ಒಲೆಯಲ್ಲಿ ಬೇಯಿಸಬಹುದು, ಕುದಿಸಬಹುದು, ಬಾಣಲೆ ಮಾತ್ರ ಇಡುವ ಹಾಗಿಲ್ಲ. ಒಂದು ಸಲ ನಾನು ಬಲ ಒಲೆಯಲ್ಲಿ ಈರುಳ್ಳಿ ಹುರಿದದ್ದಕ್ಕೆ ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಕಾನೂನು ಎರಡು, ಹೊಗೆ ಹೀರುವ ಯಂತ್ರ ಬೇಡ. ನನ್ನ ಗಂಡ ತಂದುಕೊಟ್ಟ ಯಂತ್ರ ಡಬ್ಬದಲ್ಲೇ ಇದೆ, ಈಗ ಅದರ ಮೇಲೆ ಅಕ್ಕಿ ಚೀಲ ಕೂತಿದೆ. ಕಾನೂನು ಮೂರು, ಒಲೆಯ ಮೇಲಿನ ಗೋಡೆಯಲ್ಲಿ ನೇತಾಡುವ ಕಂದು ಚಿತ್ರವನ್ನು ಯಾರೂ ಮುಟ್ಟಬಾರದು.

ಆ ಚಿತ್ರ ನಾಲ್ಕಡಿ ಅಗಲ, ಮೂರಡಿ ಎತ್ತರ. ಏನಿತ್ತು ಅದರಲ್ಲಿ ಎಂದರೆ, ಕಂದು. ಎಡಕ್ಕೆ ಗಾಢ ಕಂದು, ಬಲಕ್ಕೆ ಬರುಬರುತ್ತಾ ತೆಳು, ಮೇಲುಗಡೆ ಹಬೆ ತಾಗಿ ಹರಿದ ಗೆರೆಗಳು. ಕೊಳೆ ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳ ಮನೆಯಲ್ಲಿ, ಅವಳ ಕಣ್ಣೆದುರೇ, ದಿನಾ ಮೂರು ಹೊತ್ತು ಎಣ್ಣೆ ಹೊಗೆ ಕುಡಿಯುತ್ತಾ ಒಂದು ಚಿತ್ರ ನೇತಾಡುತ್ತಿದ್ದರೆ ಅವಳಿಗೆ ಹೇಗಾಗಬೇಡ? ಸಾರು ಕುದಿಯುವಾಗೆಲ್ಲಾ ನನ್ನ ಕೈ ತುರಿಸುತ್ತಿತ್ತು.

ಹೀಗಿರುವಾಗ ಕಲಾಭವನದಿಂದ ಒಬ್ಬರು ಬಂದರು. ಚಿತ್ರಗಳ ಪಕ್ಕ ಅಂಟಿಸುವ ವಿವರಣೆಯ ಚೀಟಿ ಬರೆಯುವವರು ಅವರು, ಹಾಗಾಗಿ ನಾವು ಅವರಿಗಿಟ್ಟ ಹೆಸರು ಚೀಟಿ ಮೇಷ್ಟ್ರು. ಹಿರಿಯರ ಚಿತ್ರಗಳ ಪ್ರದರ್ಶನಕ್ಕೆ ಮನೆಯಿಂದ ಮನೆಗೆ ಸುತ್ತಿ ಚಿತ್ರ ಆರಿಸುತ್ತಿದ್ದರು. ಅತ್ತೆ ತಮ್ಮ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹತ್ತಿಪ್ಪತ್ತು ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದರು. ಮೇಷ್ಟ್ರು “ಹೂಂ... ಹೂಂ...” ಎಂದು ತಲೆಯಾಡಿಸಿ, ನೀರು ಕುಡಿಯಲು ಅಡುಗೆಮನೆಗೆ ಬಂದರು. ಬಂದವರು ಲೋಟ ಬಾಯಿಗಿಟ್ಟುಕೊಂಡು ಹಾಗೇ ನಿಂತುಬಿಟ್ಟರು.

“ಅಮ್ಮಾ, ಇದು. ಇದೇ ಬೇಕು. ಹನ್ನೆರಡು ದಿನ ಬಿಟ್ಟು ಗಾಡಿ ಕಳಿಸ್ತೀನಿ” ಎಂದರು.

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. ಮೇಷ್ಟ್ರು ಅತ್ತ ಹೋದದ್ದೇ ತಡ, ನನ್ನ ಎರಡೂ ಕೈ ಹಿಡಿದುಕೊಂಡು, “ಅವರು ಚಿಟ್ಟೆ ಅನ್ಲಿಲ್ಲ ಕಣೇ! ಗಮನಿಸಿದ್ಯಾ? ಅನ್ಲೇ ಇಲ್ಲ!” ಎಂದು ಕುಣಿದಾಡಿದರು. ಮರುದಿನ ಬೆಳಿಗ್ಗೆಯೇ ಚೀಲ ಹಿಡಿದು ತಂಗಿಯ ಮನೆಗೆ ಹೊರಟರು. ಫೋನ್ ಮಾಡಿ ಹೇಳಬಹುದಲ್ಲಾ ಅತ್ತೆ ಎಂದರೆ, “ಫೋನಲ್ಲಿ ಹೇಳಿದ್ರೆ ಅವಳ ಮುಖ ಹೇಗಾಗುತ್ತೆ ಅಂತ ನಾನು ಹೇಗೆ ನೋಡ್ಲಿ?” ಎಂದರು. ಮೂರು ದಿನ ಬಿಟ್ಟು ಬರುತ್ತೇನೆಂದು ಹೇಳಿ ಹೋದರು.

ನಾನು ಯೋಚಿಸಿದ್ದು ಹೀಗೆ. ಕಲಾಭವನದಲ್ಲಿ ಆ ಜಿಡ್ಡು ಹಿಡಿದ ಚಿತ್ರ ತೂಗಿದರೆ ನನ್ನ ಕಸುಬಿನವರು ನೋಡಿ ಏನೆನ್ನುತ್ತಾರೆ? ಸೊಸೆ ಊರಿನವರ ಸೇನಾಪತಿಗಳ ಕೆನ್ನೆ ಒರೆಸುತ್ತಾಳೆ, ಮನೆಯವರ ಚಿತ್ರಕ್ಕೆ ಗತಿಯಿಲ್ಲ ಎನ್ನುವುದಿಲ್ಲವೇ? ಅತ್ತೆಗೆ ನನ್ನನ್ನು ಕೇಳಲು ಬಿಗುಮಾನ, ಅವರು ಬರುವಷ್ಟರಲ್ಲಿ ಫಳಫಳ ಮಾಡಿಟ್ಟರೆ ಎಷ್ಟು ಸಂತೋಷಪಡುತ್ತಾರೆ! ‘ಮುಟ್ಟಬೇಡ’ ಎಂದರೆ ‘ಪಾತ್ರೆ ಉಜ್ಜುವ ಬಟ್ಟೆಯಲ್ಲಿ ಒರೆಸಬೇಡ’ ಎಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಬೇಕಾದಾಗ ಬೇಕಾದ ಅರ್ಥ ಹುಡುಕಿಕೊಳ್ಳುವುದರಲ್ಲಿ ಆ ಮ್ಯಾನೇಜರನಿಗಿಂತ ನಾನೇನೂ ಕಡಿಮೆಯಿಲ್ಲ.

ರಜೆ ಹಾಕಿದೆ. ಚಿತ್ರವನ್ನು ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿದೆ. ನಡುವಿನಿಂದ ಸ್ವಲ್ಪ ಎಡಕ್ಕೆ, ಮೇಲುಭಾಗದಲ್ಲಿ, ಅಂಗೈಯಗಲದ ಜಾಗ ಆರಿಸಿಕೊಂಡು ಕಡ್ಡಿ ಉರುಳಿಸಿದೆ. ಹತ್ತಿ ಕಪ್ಪಗಾಯಿತು. ಇನ್ನೊಂದು, ಮತ್ತೊಂದು. ಹತ್ತನೆಯ ಕಡ್ಡಿಗೆ ಕೆಳಗಿನಿಂದ ಒಂದು ಕಿತ್ತಳೆ ಬಣ್ಣ ಎದ್ದು ಬಂತು ನೋಡಿ, ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ. ಎಂಥಾ ಬಣ್ಣ! ಇಂಥದ್ದನ್ನು ಈ ಹೆಂಗಸು ಒಲೆಯ ಮೇಲೆ ತೂಗುಹಾಕಿದ್ದಾರಲ್ಲಾ ಎಂದು ಹೊಟ್ಟೆ ಉರಿಯಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಂದೇ ಕಡೆ ಒರೆಸಿ ನೋಡಿ ತೀರ್ಮಾನಕ್ಕೆ ಬರಬಾರದು. ಹಾಗೆ ಒರೆಸಿ ನೋಡುವ ಜಾಗಕ್ಕೆ ನಾವು ಕಿಟಕಿ ಎನ್ನುತ್ತೇವೆ; ಮೇಲೆ ಒಂದು ಕಿಟಕಿ ತೆರೆದರೆ ಕೆಳಗೊಂದು ತೆರೆಯಬೇಕು, ಎಡಕ್ಕೆ ತೆರೆದರೆ ಬಲಕ್ಕೂ ಅಷ್ಟೇ ದೂರದಲ್ಲಿ ತೆರೆಯಬೇಕು. ಎಲ್ಲಾ ಕಡೆ ಬಣ್ಣ ಒಂದೇ ಥರ ನಡೆದುಕೊಳ್ಳುತ್ತದೆಯೇ ಎಂದು ತಿಳಿಯುವುದು ಹಾಗೆ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪದ್ಧತಿಯ ಪ್ರಕಾರವೇ ಹೋದೆ. ಎಡಕ್ಕೆ ಮೇಲೊಂದು ಕೆಳಗೊಂದು, ಬಲಕ್ಕೆ ಮೇಲೊಂದು ಕೆಳಗೊಂದು. ಒಳಗಿನ ಬಣ್ಣದ ಅಂಚು ಹೋದ ಕಡೆ ನನ್ನ ಕಡ್ಡಿಯೂ ಹೋಯಿತು, ಕಿಟಕಿಗಳು ಅಗಲವಾದವು. ನಡುವೆ ಎರಡು ಬೆರಳಗಲದ ಪಟ್ಟಿಯನ್ನು ಹಾಗೇ ಬಿಟ್ಟೆ, ಹೋಲಿಸಿ ನೋಡಲು. ಎರಡು ದಿನ, ನೂರ ನಲವತ್ತು ಕಡ್ಡಿ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮೂಗನ್ನು ಚಿತ್ರಕ್ಕೆ ತಾಗಿಸಿಕೊಂಡೇ ಕುಳಿತವಳು ಒಂದು ಸಲವೂ ಎದ್ದು ದೂರ ನಿಂತು ನೋಡಲಿಲ್ಲ.

ದೂರ ನಿಂತು ನೋಡಿದವರು ನನ್ನ ಗಂಡ. ಎರಡನೆಯ ದಿನ ಸಂಜೆ ಕೆಲಸದಿಂದ ಬಂದರು, ಬಾಗಿಲಲ್ಲೇ ನಿಂತು ಬಿಸ್ಕತ್ತು ಕಡಿಯುತ್ತಾ ಅಂದರು:

“ಓ, ಚಿಟ್ಟೆ!”

ನಾನು ಕಡ್ಡಿ ಕೆಳಗಿಟ್ಟೆ. ಎದ್ದು ಅವರ ಪಕ್ಕ ಹೋಗಿ ನಿಂತು ನೋಡಿದೆ. ಕಂದು ಬಣ್ಣದ ನಟ್ಟನಡುವೆ ನಾಲ್ಕು ರೆಕ್ಕೆ ಬಿಚ್ಚಿಕೊಂಡು, ಕಿತ್ತಳೆ ನೀಲಿ ಮೈಯೆಲ್ಲಾ ಹೊಳೆಸಿಕೊಂಡು, ಅಪ್ಪಟ ಚಿಟ್ಟೆ ಕೂತಿತ್ತು. ನಾನು ಬಿಟ್ಟ ಪಟ್ಟಿಯೇ ಅದರ ಹೊಟ್ಟೆ. ಯಾವ ಕಾಲದಲ್ಲೋ ಸಿಡಿದ ಎಣ್ಣೆಯ ಎರಡು ಗೆರೆ ತಲೆಯ ಮೇಲೆ ಮೀಸೆಯಂತೆ ನಿಮಿರಿದ್ದವು.

“ರೀ, ದಯವಿಟ್ಟು ಅದು ಚಿಟ್ಟೆ ಅಲ್ಲ ಅನ್ನಿ.”

“ಅಲ್ಲ ಅಂತೀನಿ. ಆದ್ರೆ ಅದು ಚಿಟ್ಟೆನೇ” ಎಂದು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಉಳಿದದ್ದನ್ನೂ ಒರೆಸಿ ಇಡೀ ಚಿತ್ರವನ್ನು ಕಿತ್ತಳೆ ಮಾಡಿಬಿಡೋಣವೆಂದರೆ ಆ ವೇಗದಲ್ಲಿ ಇನ್ನೂ ಹತ್ತು ದಿನ ಬೇಕು, ನನಗಿದ್ದದ್ದು ಒಂದು ದಿನ. ಅದೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೇ ಅತ್ತೆ ಬಂದುಬಿಟ್ಟರು. ತಂಗಿಯ ಮುಖ ಅಂದುಕೊಂಡಷ್ಟು ಸಣ್ಣದಾಗಲಿಲ್ಲವಂತೆ, ಅದಕ್ಕೇ ಬೇಸರವಾಗಿ ಬೇಗ ಹೊರಟರಂತೆ. ಚೀಲವನ್ನು ಹೆಗಲಿನಿಂದ ಇಳಿಸದೆ ಮೇಜಿನ ಮುಂದೆ ನಿಂತರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈಗುಳ ಬರಲಿಲ್ಲ.

“ಯಾವುದ್ರಲ್ಲಿ ಒರೆಸಿದೆ?” ಎಂದು ಕೇಳಿದರು.

“ಎಂಜಲಲ್ಲಿ, ಅತ್ತೆ.”

“ಏನು?”

“ಎಂಜಲು. ನಮ್ಮ ಕಸುಬಲ್ಲಿ ಅದೇ...”

“ನನ್ನ ಚಿತ್ರಕ್ಕೆ ನಿನ್ನ ಎಂಜಲು ಹಚ್ಚಿದ್ಯಾ? ಎರಡು ದಿನ ಕೂತ್ಕೊಂಡು? ನನ್ನ ಊಟದ ಮೇಜಿನ ಮೇಲೆ?” ಈಗ ಬಂತು ನೋಡಿ. ಬೈಯುವುದರಲ್ಲಿ ಅತ್ತೆಯದು ಎತ್ತಿದ ಕೈ, ಒಂದು ಬೈಗುಳ ಇನ್ನೊಂದು ಸಲ ಬರುವುದಿಲ್ಲ. ನನ್ನ ಕಸುಬು, ನನ್ನ ಮ್ಯೂಸಿಯಮ್ಮು, ನನ್ನ ತವರಿನವರು, ಬಿಸ್ಕತ್ತು ತಿನ್ನುತ್ತಾ ನಿಂತಿದ್ದ ತಮ್ಮ ಸ್ವಂತ ಮಗ, ಯಾರನ್ನೂ ಬಿಡಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ದನಿ ಇಳಿಸಿ ಕುರ್ಚಿಯಲ್ಲಿ ಕುಳಿತರು.

“ಹನ್ನೊಂದು ವರ್ಷದ ಹಿಂದೆ ನಾನು ಬರೆದ ಮೊದಲ್ನೇ ಚಿತ್ರ ಇದು” ಎಂದರು. “ಕಿತ್ತಳೆ, ನೀಲಿ. ಆಕಾರ ಅಂತ ಏನೂ ಇರ್ಲಿಲ್ಲ. ಮುಗಿಸಿ ಇವನನ್ನ ಕರೆದು ತೋರಿಸಿದೆ. ಏನಂದ ಗೊತ್ತಾ? ‘ಓ, ಚಿಟ್ಟೆ’ ಅಂದ.”

ನನ್ನ ಗಂಡ ಬಿಸ್ಕತ್ತನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

“ಕೋಪ ಬಂತು. ಒಲೆ ತಿಂದು ಹಾಕ್ಲಿ ಅಂತ ತಗೊಂಡು ಹೋಗಿ ಅಲ್ಲಿ ಮೊಳೆ ಹೊಡೆದೆ. ಒಂದು ವರ್ಷ ಆದ್ಮೇಲೆ ನೋಡ್ತೀನಿ, ಎಡಗಡೆ ಸ್ವಲ್ಪ ಕಂದಾಗಿದೆ. ಚೆನ್ನಾಗಿತ್ತು. ಕಾರ್ಡಲ್ಲಿ ನಂಗೆ ಯಾವತ್ತೂ ಸಿಗದೆ ಇದ್ದ ಕಂದು ಅದು. ಆಮೇಲೆ ಬೇಕಂತಲೇ ಮಾಡ್ತಾ ಬಂದೆ. ಕರಿಯೋದೆಲ್ಲಾ ಎಡ ಒಲೆಯಲ್ಲಿ. ಬಲಗಡೆ ಬರೀ ಹಬೆ. ಮುಚ್ಚಳ ತೆಗೆಯೋವಾಗ ಯಾವ ಕಡೆ ಓರೆ ಮಾಡ್ಬೇಕು, ಕಿಟಕಿ ಎಷ್ಟು ತೆಗೀಬೇಕು, ಎಲ್ಲಾ ಲೆಕ್ಕ. ನೀವು ಉಂಡು ಕೈ ತೊಳ್ಕೊಂಡು ಹೋಗ್ತಿದ್ರಿ. ನಾನು ನಿಂತು ನೋಡ್ತಿದ್ದೆ, ಇವತ್ತು ಎಷ್ಟು ಬಣ್ಣ ಏರಿದೆ ಅಂತ.”

ಏಳು ವರ್ಷದ ಮೂರೂ ಕಾನೂನುಗಳು ಒಂದೇ ಸಲಕ್ಕೆ ನನಗೆ ಅರ್ಥವಾದವು. ನಾನು ಕೊಳೆ ಎಂದು ಒರೆಸಿದ್ದೇ ಚಿತ್ರ. ಹದಿಮೂರು ವರ್ಷದ ಅನುಭವದವಳು, ಬಣ್ಣ ಯಾವುದು ಕೊಳೆ ಯಾವುದು ಎಂದು ಊರಿಗೆಲ್ಲಾ ಪಾಠ ಹೇಳುವವಳು, ಎದುರಿಗೇ ನಿಂತು ಬರೆಯುತ್ತಿದ್ದವರನ್ನು ನೋಡಿ ಅಡುಗೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ನಾಚಿಕೆಯಿಂದ ನನಗೆ ಅಳುವೇ ಬಂತು.

“ಹುಳ ಹದಿನೈದು ದಿನ ಗೂಡಲ್ಲಿ ಮಲಗಿದ್ದು ಚಿಟ್ಟೆಯಾಗಿ ಹೊರಗೆ ಬಂದ್ರೆ ಎಲ್ಲರೂ ಚಪ್ಪಾಳೆ ತಟ್ತಾರೆ” ಎಂದರು ಅತ್ತೆ. “ನಾನು ಹನ್ನೊಂದು ವರ್ಷ ಒಲೆ ಮುಂದೆ ನಿಂತು ಬದಲಾಗಿದ್ದೀನಿ. ಅದನ್ನ ನೋಡಿದ್ದು ಆ ಗೋಡೆ ಒಂದೇ.”

ಅವತ್ತು ಮಧ್ಯಾಹ್ನ ಯಾರೂ ಊಟ ಮಾಡಲಿಲ್ಲ. ಸಂಜೆಗೆ ಅತ್ತೆಯೇ ಎದ್ದು ಚಿತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. “ಇನ್ನೂ ಎಂಟು ದಿನ ಇದೆ. ಬಾಣಲೆ ಇಡು” ಎಂದರು.

ಆ ಎಂಟು ದಿನಗಳನ್ನು ನಮ್ಮ ಹೊಟ್ಟೆಗಳು ಮರೆಯುವುದಿಲ್ಲ. ಕಿಟಕಿ ಬಾಗಿಲು ಭದ್ರ. ಬೆಳಿಗ್ಗೆ ಆಲೂಗಡ್ಡೆ ಕರಿದೆವು, ಮಧ್ಯಾಹ್ನ ಬದನೆಕಾಯಿ ಕರಿದೆವು, ಸಂಜೆ ಮೊಟ್ಟೆ, ಬ್ರೆಡ್ಡು, ಕೊನೆಗೆ ಕರಿಯಲು ಏನೂ ಸಿಗದೆ ಬೆಂಡೆಕಾಯಿಯ ತೊಟ್ಟು. ಅತ್ತೆ ಸ್ಟೂಲಿನ ಮೇಲೆ ನಿಂತು ಬೀಸಣಿಗೆಯಿಂದ ಹೊಗೆಯನ್ನು ರೆಕ್ಕೆಗಳ ಕಡೆಗೆ ಅಟ್ಟುತ್ತಿದ್ದರು. ನಾನು ಕೆಮ್ಮುತ್ತಾ ಸೌಟು ಆಡಿಸುತ್ತಿದ್ದೆ. ನನ್ನ ಗಂಡ ಕಣ್ಣೀರು ಸುರಿಸುತ್ತಾ ಬಂದು, “ಅಮ್ಮಾ, ಪಕ್ಕದ ಮನೆಯವರು ಬೆಂಕಿ ಬಿದ್ದಿದ್ಯಾ ಅಂತ ಕೇಳ್ತಿದ್ದಾರೆ” ಎಂದರೆ, “ಬಿದ್ದಿದೆ ಅನ್ನು, ಆರಿಸೋಕೆ ಬರ್ಬೇಡಿ ಅನ್ನು” ಎಂದು ಗದರುತ್ತಿದ್ದರು. ಅವತ್ತಿನಿಂದ ಮಾತು ಬಿಟ್ಟಿದ್ದ ಅತ್ತೆಯೂ ನಾನೂ ಹಾಗೆ ಹೊಗೆಯಲ್ಲಿ ನಿಂತು ಮತ್ತೆ ಮಾತಾಡತೊಡಗಿದೆವು. “ಉರಿ ಜಾಸ್ತಿ ಮಾಡು”, “ಎಣ್ಣೆ ಸಾಕಾ ಅತ್ತೆ?”, ಇಷ್ಟೇ. ಅಷ್ಟಾದರೂ ನನಗೆ ಸಮಾಧಾನವಾಗಿತ್ತು.

ಏಳನೆಯ ದಿನ ಇಳಿಸಿ ನೋಡಿದೆವು. ರೆಕ್ಕೆಗಳ ಮೇಲೆ ತೆಳುವಾಗಿ ಹಳದಿ ಜಿಡ್ಡು ಕೂತಿತ್ತು. ಮೊದಲು ಬರೀ ಚಿಟ್ಟೆಯಾಗಿದ್ದದ್ದು ಈಗ ಬಂಗಾರದ ಚಿಟ್ಟೆಯಾಗಿತ್ತು.

“ಅತ್ತೆ, ನಾನು ಬಣ್ಣದಲ್ಲಿ ಮುಚ್ಚಿಬಿಡ್ತೀನಿ” ಎಂದೆ. “ಅದೇ ಕಂದು ಕಲಸಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ. ಅದೂ ನನ್ನ ಕಸುಬೇ.”

 ಒಂದು ತಟ್ಟೆಯಲ್ಲಿ ನಾನು ಕಲಸಿ ತೋರಿಸಿದ ಕಂದನ್ನು ಅತ್ತೆ ಬೆರಳಿನಿಂದ ಮುಟ್ಟಿ ನೋಡಿದರು. ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಕಂದು, ಬೇಕಾದರೆ ಆಣೆ ಮಾಡುತ್ತೇನೆ. ಅವರು ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

“ಬೇಡ. ಹೊಗೆ ನಾನು ಹಾಕಿದ್ದು, ನಿಜವಾಗ್ಲೂ ಹಾಕಿದ್ದು. ಎಂಜಲು ನೀನು ಹಚ್ಚಿದ್ದು, ಅದೂ ನಿಜವಾಗ್ಲೂ ಹಚ್ಚಿದ್ದು. ಈಗ ಮೇಲೆ ಬಣ್ಣ ಬಳಿದ್ರೆ ಅದು ಕಾರ್ಡು. ಹೀಗೇ ಹೋಗ್ಲಿ.”

“ಎಲ್ಲರೂ ಚಿಟ್ಟೆ ಅಂತಾರೆ ಅತ್ತೆ.”

“ಅಂತಾರೆ” ಎಂದು ಎದ್ದು ಕೋಣೆಗೆ ಹೋದರು.

ಗಾಡಿಯ ಜೊತೆಗೆ ಚೀಟಿ ಮೇಷ್ಟ್ರೇ ಬಂದರು. ಚಿತ್ರ ನೋಡಿದವರೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಅಕ್ಕಿ ಚೀಲಕ್ಕೆ ಎಡವಿದರು. “ಅಬ್ಬಬ್ಬಾ! ಅವತ್ತು ನಾನು ಈ ಚಿಟ್ಟೆ ಗಮನಿಸ್ಲೇ ಇಲ್ವಲ್ಲಮ್ಮಾ! ಕತ್ತಲೆಯ ಗೂಡಿಂದ ಬಿಡುಗಡೆಯ ರೆಕ್ಕೆ! ರೂಪಾಂತರ!” ಎಂದು ನಿಂತಲ್ಲೇ ಜೇಬಿನಿಂದ ಪುಸ್ತಕ ತೆಗೆದು ಗೀಚತೊಡಗಿದರು. ಅತ್ತೆ ಅವರನ್ನು ತಡೆಯಲಿಲ್ಲ, ಒಂದೇ ಒಂದು ಷರತ್ತು ಹಾಕಿದರು.

“ನೀವು ಏನಾದ್ರೂ ಬರ್ಕೊಳ್ಳಿ. ಯಾವುದ್ರಲ್ಲಿ ಬರೆದ ಚಿತ್ರ ಅಂತ ಕೆಳಗೆ ಒಂದು ಸಾಲು ಹಾಕ್ತೀರಲ್ಲಾ, ಅದು ಮಾತ್ರ ನಾನು ಹೇಳಿದ ಹಾಗೆ ಇರ್ಬೇಕು. ಎಣ್ಣೆಬಣ್ಣ, ಹನ್ನೊಂದು ವರ್ಷದ ಒಲೆಯ ಹೊಗೆ, ಅಡುಗೆ ಎಣ್ಣೆ, ಸೊಸೆಯ ಎಂಜಲು.”

ಮೇಷ್ಟ್ರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಎಂಜಲು ಅಂತ ಹೇಗಮ್ಮಾ ಹಾಕೋದು? ಲಾಲಾರಸ ಅನ್ನೋಣ್ವಾ?”

“ಅವಳ ಬಾಯಲ್ಲಿ ಇದ್ದದ್ದು ಎಂಜಲು. ಎಂಜಲು ಅಂತಾನೇ ಹಾಕಿ.”

ಪ್ರದರ್ಶನದ ದಿನ ಅತ್ತೆ ಹೊಸ ಸೀರೆ ಉಟ್ಟು, ಕೂದಲನ್ನು ಎರಡು ಸಲ ಬಾಚಿಕೊಂಡು, ಚಿತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬಿಳಿ ಗೋಡೆ, ಮೇಲೆ ದೀಪ. ಬಂಗಾರದ ಚಿಟ್ಟೆ ಇಡೀ ಹಾಲ್‌ಗೆ ಎದ್ದು ಕಾಣುತ್ತಿತ್ತು. ಬಂದವರೆಲ್ಲಾ ಬಾಗಿಲಿನಿಂದಲೇ ಅದರ ಕಡೆ ನಡೆದುಬಂದರು. “ಎಷ್ಟು ಚೆಂದದ ಚಿಟ್ಟೆ!” “ಹೆಣ್ಣಿನ ಬಿಡುಗಡೆಯ ಚಿಟ್ಟೆ.” “ನಂಗೇನೋ ಇದು ಆತ್ಮ ಅನ್ಸುತ್ತೆ, ಚಿಟ್ಟೆ ರೂಪದಲ್ಲಿ.” ಕೆಳಗಿನ ಆ ಸಾಲನ್ನು ಒಬ್ಬರೂ ಓದಲಿಲ್ಲ. ನಾನು ಬೆರಳಿನಲ್ಲಿ ಎಣಿಸುತ್ತಿದ್ದೆ, ಇಪ್ಪತ್ತಮೂರಕ್ಕೆ ಬಿಟ್ಟೆ. ಪ್ರತಿ ಸಲ ಅತ್ತೆ ನಗುತ್ತಾ ಕೈ ಮುಗಿಯುತ್ತಿದ್ದರು. ಪ್ರತಿ ಸಲ ಆ ನಗು ಸ್ವಲ್ಪ ಸಣ್ಣದಾಗುತ್ತಿತ್ತು.

ಸಾಲದ್ದಕ್ಕೆ ಪ್ರೆಸ್ಸಿನ ಹಳೆಯ ಮ್ಯಾನೇಜರ್ ಕೂಡ ಕೋಲೂರಿಕೊಂಡು ಬಂದರು. “ನಾನು ಅವತ್ತೇ ಹೇಳಿರ್ಲಿಲ್ವಾ? ಈ ಕೈಗೆ ಚಿಟ್ಟೆ ಬಿಟ್ಟು ಬೇರೇನೂ ಬರಲ್ಲ ಅಂತ. ಶಭಾಷ್, ಚಿಟ್ಟೆಯಮ್ಮ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬೆನ್ನು ತಟ್ಟಿದರು. ಅತ್ತೆ ಸೀರೆಯ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕುಳಿತರು. ನನಗೆ ಆ ಕೋಲನ್ನು ಕಿತ್ತುಕೊಳ್ಳಬೇಕೆನಿಸಿತು. ಆದರೆ ಕೋಲು ಯಾರ ಬೆನ್ನಿಗೆ ಬೀಳಬೇಕಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಪಕ್ಕ ಮಂಡಿಯೂರಿ ಕುಳಿತು, “ಅತ್ತೆ, ಮನೆಗೆ ಹೋಗೋಣ್ವಾ?” ಎಂದೆ.

“ಇರು, ಚಹಾ ಬರ್ತಿದೆ” ಎಂದರು. ಎಂಥ ದುಃಖದಲ್ಲೂ ಚಹಾ ಬಿಡುವವರಲ್ಲ.

ಚಹಾ ತರುತ್ತಿದ್ದವರು ಕಲಾಭವನದ ಕ್ಯಾಂಟೀನಿನ ಹೆಂಗಸು. ದಪ್ಪ ಮೈ, ಮೊಣಕೈಯವರೆಗೆ ಮಡಚಿದ ತೋಳು, ಕೈಯಲ್ಲಿ ಹದಿನೆಂಟು ಲೋಟದ ತಟ್ಟೆ. ಗೋಡೆಯ ಕಡೆ ತಿರುಗಿಯೂ ನೋಡದೆ ನಮ್ಮ ಮುಂದೆ ಹಾದುಹೋದವರು, ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತರು. ಮೂಗು ಅರಳಿಸಿದರು. ವಾಪಸು ಬಂದು ಚಿತ್ರದ ಹತ್ತಿರ ಬಗ್ಗಿ ಇನ್ನೊಮ್ಮೆ ಮೂಸಿದರು.

“ಯಾರ ಮನೆ ಅಡುಗೆಮನೆ ಇದು?” ಎಂದು ಕೇಳಿದರು.

ಅತ್ತೆಯ ಕೈಯಲ್ಲಿದ್ದ ಸೀರೆಯ ಅಂಚು ಹಾಗೇ ನಿಂತಿತು.

“ಏನಂದ್ರಿ?”

“ಅಡುಗೆಮನೆ ಗೋಡೆ ಅಲ್ವೇನಮ್ಮಾ ಇದು? ಈ ಕಡೆ ಕರಿದಿದ್ದಾರೆ, ಈ ಕಡೆ ಬರೀ ಬೇಯಿಸಿದ್ದಾರೆ. ನೋಡಿ, ಇಲ್ಲಿ ಮುಚ್ಚಳ ತೆಗೆದಾಗ ಹಬೆ ಬಡಿದಿದೆ.” ಅವರು ಒಂದು ಬೆರಳನ್ನು ಗಾಳಿಯಲ್ಲೇ ಚಿತ್ರದುದ್ದಕ್ಕೂ ಓಡಿಸಿದರು. “ಕಡಿಮೆ ಅಂದ್ರೂ ಹತ್ತು ವರ್ಷದ್ದು. ನಮ್ಮ ಕ್ಯಾಂಟೀನಿನ ಗೋಡೆ ಇಪ್ಪತ್ತು ವರ್ಷದ್ದು, ನಂಗೆ ಗೊತ್ತಾಗುತ್ತೆ.”

ಅತ್ತೆ ಕುರ್ಚಿಯ ತುದಿಗೆ ಬಂದಿದ್ದರು. ಬೇಡವೆಂದು ನಾನು ಕೈ ಹಿಡಿದೆ. ಅವರು ಕೇಳಿಯೇಬಿಟ್ಟರು.

“ಮತ್ತೆ ಈ ಮಧ್ಯದಲ್ಲಿ? ಅದೇನು ಕಾಣುತ್ತೆ ನಿಮಗೆ?”

ಹೆಂಗಸು ತಲೆ ಓರೆ ಮಾಡಿ ನೋಡಿದರು.

“ಅದಾ? ಯಾರೋ ಒರೆಸೋಕೆ ಹೋಗಿ ಅರ್ಧಕ್ಕೆ ಬಿಟ್ಟಿದ್ದಾರೆ. ಆ ಮನೆಗೆ ಬಂದ ಸೊಸೆ ಇರ್ಬೇಕು.”

ಅತ್ತೆ ನಕ್ಕರು. ಆಗಿನಿಂದ ಸಣ್ಣದಾಗುತ್ತಾ ಬಂದಿದ್ದ ನಗು ಅಲ್ಲ, ಹೊಟ್ಟೆಯಿಂದ ಎದ್ದು ಬಂದದ್ದು. ಹಾಲ್‌ನಲ್ಲಿದ್ದವರೆಲ್ಲಾ ತಿರುಗಿ ನೋಡಿದರು. ಮ್ಯಾನೇಜರ್ ಚಹಾ ಚೆಲ್ಲಿಕೊಂಡರು. ನಗುತ್ತಾ ನಗುತ್ತಾ ಅತ್ತೆಯ ಕಣ್ಣಲ್ಲಿ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ, ನನ್ನ ಕೈಯನ್ನು ನೋಯುವಷ್ಟು ಒತ್ತಿ ಹಿಡಿದು ಎತ್ತಿ ತೋರಿಸಿದರು.

“ಇವಳೇ! ಇವಳೇ ನನ್ನ ಸೊಸೆ!”

ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬಿಸಿನೀರಿಗೆ ಸೋಡಾ ಪುಡಿ ಹಾಕಿ ಒರೆಸ್ಬೇಕಿತ್ತಮ್ಮಾ. ಪೂರ್ತಿ ಹೋಗ್ತಿತ್ತು” ಎಂದು ಬುದ್ಧಿ ಹೇಳಿ, ಅತ್ತೆಗೆ ಎರಡು ಲೋಟ ಚಹಾ ಕೊಟ್ಟು ಮುಂದೆ ಹೋದರು. ನನಗೆ ಒಂದೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಅತ್ತೆ ಸ್ಟೂಲಿನ ಮೇಲೆ ನಿಂತಿದ್ದರು. ಹಳೆಯ ಚಿತ್ರವಿದ್ದ ಜಾಗದಲ್ಲಿ ಅಷ್ಟೇ ದೊಡ್ಡ ಹೊಸ ಕ್ಯಾನ್ವಾಸು ತೂಗುತ್ತಿತ್ತು, ಹಾಲಿನಷ್ಟು ಬಿಳುಪು, ಒಂದು ಗೆರೆಯೂ ಇಲ್ಲ. ಅವರು ಇಳಿದು ಬಂದು, ಸ್ವಲ್ಪ ದೂರ ನಿಂತು, ಅದು ನೇರವಾಗಿದೆಯೇ ಎಂದು ನೋಡಿದರು. ಆಮೇಲೆ ಬಾಣಲೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ಎಡ ಒಲೆ ನಂದು. ಬಲ ಒಲೆ ಇವತ್ತಿಂದ ನಿಂದು.”

ನನ್ನ ಗಂಡ ಕಣ್ಣುಜ್ಜಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು. ಬಿಳಿ ಕ್ಯಾನ್ವಾಸನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು.

“ನೀನು ಬಾಯಿ ಮುಚ್ಕೊಂಡು ಕಿಟಕಿನೂ ಮುಚ್ಚು” ಎಂದರು ಅತ್ತೆ.

ಅವರು ಮುಚ್ಚಿದರು. ನಾನು ಬಲ ಒಲೆ ಹಚ್ಚಿ, ಏಳು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆ ನೋಡುತ್ತಿರುವಂತೆಯೇ, ಅದರ ಮೇಲೆ ಈರುಳ್ಳಿ ಹುರಿದೆ.